ಉಮಾಶ್ರೀಯ ಸುಳ್ಳುಗಳು

ಯಾರನ್ನೂ ನಂಬದಿರುವುದೇ ವಸುಧಾಳ ಕೆಲಸ. ಸಂಬಳವೂ ಅದಕ್ಕೇ. ದೊಡ್ಡ ಸರ್ವರಿನೊಳಗೆ ಬಾಡಿಗೆಗಿರುವ ವರ್ಚುವಲ್ ಮಷೀನಿಗೆ ಹೈಪರ್‌ವೈಸರ್ ಎಂಬುದು ಮನೆ ಮಾಲೀಕನಿದ್ದಂತೆ. ಹೊರಗಿನ ಮಾಹಿತಿಯೆಲ್ಲ ಅವನ ಕೈ ದಾಟಿಯೇ ಬರಬೇಕು. ಅವನು ನೂರು ಎಂದು ಹೇಳಿ ಸಾವಿರ ತುರುಕಿದರೆ ಒಳಗಿನ ಗುಟ್ಟೆಲ್ಲ ಬಯಲು. ಬಾಗಿಲಲ್ಲಿ ನಿಂತು ಆ ಮಾಹಿತಿಯನ್ನು ಅಳೆದು ತೆಗೆದುಕೊಳ್ಳುವ ‘ಡ್ರೈವರ್’ ಎಂಬ ಪ್ರೋಗ್ರಾಮನ್ನು ವಸುಧಾ ನಾಸಿಕ್‌ನಲ್ಲಿ ಕೂತು ಗಟ್ಟಿ ಮಾಡುತ್ತಿದ್ದಳು. ಅದೇ ಕಂಪನಿಯ ಸಂಭಾಜಿನಗರದ ಕಚೇರಿಯಲ್ಲಿ ಉಮಾಶ್ರೀ, ಅದನ್ನು ಪರೀಕ್ಷಿಸಲು ಬೇಕೆಂದೇ ಸುಳ್ಳು ಹೇಳುವ ಮಾಲೀಕನನ್ನು ಕಟ್ಟುತ್ತಿದ್ದಳು. ಡ್ರೈವರನ್ನು ಕೆಡವಿದರೆ ಈ ಸಲ ತಂಡದ ಮುಖ್ಯಸ್ಥೆ ಅವಳೇ. ಪರೀಕ್ಷೆ ಮುಗಿಯುವ ತನಕ ಇಬ್ಬರೂ ಕೆಲಸದ ಮಾತಾಡಬಾರದೆಂದು ಕಟ್ಟುನಿಟ್ಟು.

ಆದರೆ ಇಬ್ಬರೂ ಬೀದರಿನವರು. ದಿನವಿಡೀ ಮರಾಠಿ, ಹಿಂದಿ ಆಡಿ ನಾಲಿಗೆ ದಣಿದಿರುವಾಗ ನಮ್ಮ ಕಡೆಯವಳು ಸಿಕ್ಕರೆ ಕಟ್ಟುನಿಟ್ಟು ಯಾರಿಗೆ ನೆನಪಿರುತ್ತದೆ? ಭಾನುವಾರ ವಸುಧಾ ಸಂಭಾಜಿನಗರಕ್ಕೆ, ಉಮಾಶ್ರೀಯ ಮನೆಗೆ ಊಟಕ್ಕೆ ಹೋದಳು. ತನ್ನ ಕೆಲಸ ಅರೆಬರೆಯಾಗಿತ್ತು, ಪರೀಕ್ಷೆ ಹತ್ತಿರ ಬಂದಿತ್ತು. ಉಮಾಶ್ರೀ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತಿದ್ದರೆ ಇವಳು ಏನೂ ಅರಿಯದವಳಂತೆ ಕೇಳುತ್ತಾ ಹೋದಳು. ಅವಳು ತಾನು ಹೆಣೆದ ಸುಳ್ಳುಗಳನ್ನು ನಗುನಗುತ್ತಾ ಹೇಳಿಬಿಟ್ಟಳು. ನಾಸಿಕ್‌ಗೆ ಮರಳಿದ ವಸುಧಾ ಅಷ್ಟು ಸುಳ್ಳುಗಳಿಗೆ ಮಾತ್ರ ಬಾಗಿಲು ಹಾಕಿದಳು.

ಸಂಭಾಜಿನಗರದಲ್ಲಿ ವಸುಧಾಳ ಎದುರಿಗೇ ಪರೀಕ್ಷೆ ನಡೆಯಿತು. ಡ್ರೈವರ್ ಜಗ್ಗಲಿಲ್ಲ.

"ಏನ್ರಿ ಉಮಾಶ್ರೀ, ಇಷ್ಟು ದಿನ ಇದನ್ನೇ ಮಾಡಿದ್ರೇನು? ಒಂದೂ ತಾಗಲಿಲ್ಲಲ್ರಿ," ಎಂದರು ಮೇಲಧಿಕಾರಿ ರಘೋತ್ತಮ.

ಉಮಾಶ್ರೀಯ ಮುಖ ಸಣ್ಣದಾಯಿತು. ಆದರೂ ನಕ್ಕಳು. "ವಸುಧಾ ಬರೆದದ್ದು ನೋಡ್ರಿ ಸರ್. ನಮ್ಮಾಕಿ ಭಾಳ ಶಾಣ್ಯಾ ಇದ್ದಾಳ್ರಿ."

ವಸುಧಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಉಂಡ ಮನೆಗೆ ಎರಡು ಬಗೆದದ್ದಲ್ಲದೆ ಮೇಲೆ ಶಭಾಷ್‌ಗಿರಿ ಬೇರೆ!

"ಸರ್, ಈ ಸುಳ್ಳೆಲ್ಲ ನನಗ ಮೊದಲೇ ಗೊತ್ತಿದ್ದುವು," ಎಂದಳು. "ಹೊಸಾದೊಂದು ಹಾಕಿ ನೋಡ್ರಿ."

ಉಮಾಶ್ರೀ ಕೀಲಿಮಣೆ ಎಳೆದುಕೊಂಡಳು. ಡ್ರೈವರ್ ಅಳತೆ ನೋಡಿ ಸರಿ ಎಂದ ಮೇಲೆ ಆ ಅಳತೆಯನ್ನೇ ಬದಲಿಸುವ ಸುಳ್ಳು. ವಸುಧಾಳ ಡ್ರೈವರ್ ಒಮ್ಮೆ ನೋಡಿದ ಅಳತೆಯ ನಕಲನ್ನು ತನ್ನಲ್ಲಿ ಇಟ್ಟುಕೊಂಡಿರಲಿಲ್ಲ. ಎರಡನೇ ಸಲವೂ ಮಾಲೀಕನನ್ನೇ ಕೇಳಿತು. ಮಷೀನು ಅಲ್ಲೇ ಬಿತ್ತು.

"ಮೊದಲಿನ ಸುಳ್ಳು ಯಾರು ಹೇಳಿದ್ರು ನಿಮಗ?" ರಘೋತ್ತಮ ವಸುಧಾಳನ್ನು ಕೇಳಿದರು.

ವಸುಧಾ ಬಾಯಿ ತೆರೆಯುವ ಮೊದಲೇ ಉಮಾಶ್ರೀ ಅಂದಳು, "ನಾನೇ ರೀ."

"ಇಲ್ರಿ ಸರ್, ನಾನೇ ಕೇಳಿ ಕೇಳಿ ತಿಳಕೊಂಡೆ. ಆಕಿದೇನೂ ತಪ್ಪಿಲ್ಲ."

"ಗುಟ್ಟು ನಿಲ್ಲದವರ ಕೈಯಾಗ ತಂಡ ಕೊಡೂದು ಹ್ಯಾಂಗ್ರಿ?" ಎಂದು ಉಮಾಶ್ರೀಗೆ ಹೇಳಿ ಅವರು ಎದ್ದು ಹೋದರು.

ವಸುಧಾ ಅಳುತ್ತಾ ಅವಳ ಕೈ ಹಿಡಿದುಕೊಂಡಳು. ಉಮಾಶ್ರೀ ಮೆಲ್ಲಗೆ ಬಿಡಿಸಿಕೊಂಡಳು.

"ನಾ ಖರೇನೇ ನೀ ಉಣ್ಣಾಕ ಬಂದಿದ್ದಿ ಅನಕೊಂಡಿದ್ದೆ, ವಸುಧಾ."