ಚೀಟಿಯ ಬೆನ್ನಿನ ವಿಳಾಸ

ಅಂಗಿ ಗುಂಡಿ ಮಾರುವ ಅಂಗಡಿಯ ಯಜಮಾನರು, ಯಾರು ಕಾರ್ಡಿನಲ್ಲಿ ಹಣ ಕೊಟ್ಟರೂ, ಯಂತ್ರದಿಂದ ಬಂದು ತಮ್ಮಲ್ಲಿ ಉಳಿಯುವ ಚೀಟಿಯ ಬೆನ್ನಿಗೆ ಅವರ ಫೋನ್ ನಂಬರು, ಮನೆ ವಿಳಾಸ ಕೇಳಿ ಬರೆದುಕೊಳ್ಳುತ್ತಿದ್ದರು. ಹಾಗೆ ಬರೆಯಕೂಡದು, ನಿಯಮಕ್ಕೆ ವಿರುದ್ಧ ಎಂದು ಬ್ಯಾಂಕಿನವರು ಎರಡು ಸಲ ಬಂದು ಹೇಳಿದ್ದರು. ನಾಳೆ ತಕರಾರು ಬಂದರೆ ಯಾರನ್ನು ಹುಡುಕಲಿ ಎಂಬುದು ಇವರ ವಾದ. "ದೇವರೇ ಬಂದು ಕಾರ್ಡು ಕೊಟ್ರೂ ಯಾವ ಬೀದಿ ಅಂತ ಕೇಳೋರು ನೀವು" ಎಂದು ಹೆಂಡತಿ ನಗುತ್ತಿದ್ದಳು. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಳೆಯ ಚೀಟಿಗಳನ್ನು ಹರಿದು ಹಾಕುವ ಕೆಲಸ ಆಕೆಯದಾಗಿತ್ತು. ಈಗ ಯಜಮಾನರು ಅವುಗಳಲ್ಲೇ ಗುಂಡಿ ಕಟ್ಟಿಕೊಡುತ್ತಿದ್ದರು. ಕಾಗದ ದಂಡವಾಗಬಾರದಲ್ಲ.

ಒಂದು ಮಧ್ಯಾಹ್ನ, ಮೂರು ಬೀದಿಯಾಚೆ ಒಬ್ಬಳೇ ಇದ್ದು ಬಟ್ಟೆ ಹೊಲಿಯುವ ಹೆಂಗಸು ಬಂದು, ಮುದುಡಿದ ಚೀಟಿಯೊಂದನ್ನು ಮುಂದಿಟ್ಟಳು. ಬೆನ್ನಿಗೆ ಅವಳದೇ ನಂಬರು, ವಿಳಾಸ. ಗುಂಡಿ ಕೊಂಡ ಯಾವನಿಗೋ ಅದು ಸಿಕ್ಕಿ, ತಿಂಗಳಿಂದ ಫೋನ್ ಮಾಡಿ ಕಾಡಿ, ನಿನ್ನೆ ಬಾಗಿಲಿಗೇ ಬಂದಿದ್ದನಂತೆ. ಗದರಿಸಿದರೆ ಈ ಚೀಟಿ ಎಸೆದು ಹೋದನಂತೆ. ಇವಳೇ ವಿಳಾಸ ಕೊಟ್ಟು ಕರೆಸಿಕೊಂಡಳೆಂದು ಮನೆಯೊಡತಿ ಮನೆ ಖಾಲಿ ಮಾಡಲು ಹೇಳಿದ್ದಳು.

"ಯಜಮಾನ್ರೇ, ಬರೆದಿದ್ದು ನೀವು ಅಂತ ಒಂದು ಮಾತು ಬಂದು ಹೇಳಿ. ಅಷ್ಟು ಸಾಕು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಯಜಮಾನರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಇದು ನನ್ನ ಅಕ್ಷರ ಅಲ್ಲ ತಾಯಿ" ಎಂದುಬಿಟ್ಟರು.

ಅವಳು ಜಗಳವಾಡಲಿಲ್ಲ. ಚೀಟಿ ತೆಗೆದುಕೊಂಡು ಮೆಟ್ಟಿಲಿಳಿದಳು. ಜಗಳವಾಡಿದ್ದರೆ ಇವರೂ ನಾಲ್ಕು ಮಾತಾಡಿ ಪಾರಾಗುತ್ತಿದ್ದರೇನೋ. ಬೆಳಿಗ್ಗೆ ದೇವರ ಹೆಸರು ಹೇಳಿದ ಬಾಯಿ ಇದೇ ಅಲ್ಲವೇ ಎನ್ನಿಸಿ ಮುಖ ಸುಟ್ಟಂತಾಯಿತು. ಮುಂದಿನ ಗಿರಾಕಿಯ ಬಿಳಿ ಗುಂಡಿಗಳನ್ನು ಕಟ್ಟಲು ಇನ್ನೊಂದು ಚೀಟಿ ಎಳೆದರು. ಅದರ ಬೆನ್ನಿಗೆ ಇನ್ನಾರದೋ ಮನೆ. ಕೈ ಮುಂದೆ ಹೋಗಲಿಲ್ಲ.

ಗಿರಾಕಿಗಳನ್ನು ಕಳಿಸಿ, ಅಂಗಡಿ ಬಾಗಿಲೆಳೆದು ಓಡುನಡಿಗೆಯಲ್ಲಿ ಅವಳ ಮನೆಗೆ ಹೋದರು. ಬ್ಯಾಂಕಿನವರು ಬೇಡವೆಂದರೂ ಕೇಳದೆ ಬರೆದದ್ದು ತಾನೇ, ಅದರಲ್ಲಿ ಗುಂಡಿ ಕಟ್ಟಿಕೊಟ್ಟದ್ದೂ ತಾನೇ, ಈಗ ತನ್ನದಲ್ಲವೆಂದು ಸುಳ್ಳಾಡಿದ್ದೂ ತಾನೇ ಎಂದು ಮನೆಯೊಡತಿಯ ಮುಂದೆ ನಿಂತು ಒಪ್ಪಿಕೊಂಡರು. ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಲೆ ನರೆತ್ರೆ ಸಾಕಾ, ಬುದ್ಧಿ ಬೇಡ್ವಾ?" ಎಂದಳು. ಹೊಲಿಯುವವಳಿಗೆ ಇಲ್ಲೇ ಇರು ಎಂದು ಹೇಳಿ ಒಳಗೆ ಹೋದಳು.

ಯಜಮಾನರು ಅವಳಿಗೆ ಕೈಮುಗಿದರು. "ತಪ್ಪಾಯ್ತು ತಾಯಿ."

"ಮನೆ ಏನೋ ಉಳೀತು. ಆದ್ರೆ ಅವನಿಗೆ ಬಾಗಿಲು ಗೊತ್ತಾಗಿದೆಯಲ್ಲ" ಎಂದಳು ಅವಳು.

ಅವಳು ಬಾಗಿಲು ಮುಚ್ಚಿ, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕಿಕೊಂಡ ಸದ್ದು ಕೇಳುವವರೆಗೆ ಯಜಮಾನರು ಹೊರಗೆ ತಲೆ ತಗ್ಗಿಸಿ ನಿಂತೇ ಇದ್ದರು.