ಎಡಕ್ಕೆ ತಿರುಗುವ ಮೀನು

ನನ್ನ ತಮ್ಮ ಚನ್ನಬಸವಣ್ಣ ಕೆ.ಆರ್. ನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಲಿಂಗಾಯತರ ಮನೆಯಲ್ಲಿ ಹುಟ್ಟಿದವನು, ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ಮೀನಿನ ಮಿದುಳಿನ ಮೇಲೆ ಡಾಕ್ಟರೇಟ್ ಮಾಡಲು ಹೊರಟಿದ್ದ. ಮಾಡಲಿ. ಮೀನು ತಿನ್ನುವವರಿಗಿಂತ ಮೀನಿನ ತಲೆ ತಿನ್ನುವವನು ಮೇಲು ಎಂದು ನಮ್ಮೂರು ಮಿರ್ಲೆಯಲ್ಲಿ ನಾನೇ ಅವನ ಪರವಾಗಿ ವಾದಿಸಿದ್ದೆ.

ತೊಂಬತ್ತೇಳರ ಶ್ರಾವಣದಲ್ಲಿ ಅವನ ಮನೆಗೆ ಹೋದಾಗ ತೊಟ್ಟಿ ತೋರಿಸಿದ. ಉದ್ದನೆಯ ತೊಟ್ಟಿಯ ನಡುವೆ ಬಿದಿರುಕಡ್ಡಿಯ ತಡಿಕೆ, ಅದರ ಆಚೆ ಒಂದು ದೊಡ್ಡ ಮೀನು. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನನ್ನು ಈ ತುದಿಯಲ್ಲಿ ಬಿಟ್ಟರೆ ಅದು ತಡಿಕೆಯವರೆಗೂ ಈಜಿ, ದೊಡ್ಡ ಮೀನನ್ನು ಕಂಡು, ಎಡಕ್ಕೋ ಬಲಕ್ಕೋ ತಿರುಗಬೇಕು. ಹೆಚ್ಚಿನವು ಎಡಕ್ಕೇ ತಿರುಗುತ್ತಿದ್ದವು.

"ಬಲಗಣ್ಣಲ್ಲಿ ಶತ್ರುವನ್ನ ನೋಡ್ಕೊಂಡೇ ಹೋಗ್ತವೆ ಕಣಕ್ಕ. ಮಿದುಳಿನ ಒಂದೊಂದು ಪಾಲಿಗೆ ಒಂದೊಂದು ಕೆಲಸ. ಹುಟ್ಟುತ್ಲೇ ಬಂದದ್ದು, ನಾವು ತಿದ್ದಕಾಗಲ್ಲ. ತಿದ್ದಕೋದ್ರೆ ಅದಕ್ಕೆ ದಿಕ್ಕೇ ತಪ್ಪೋಗುತ್ತೆ" ಎಂದ. ಮಠದಲ್ಲಿ ಪ್ರವಚನ ಹೇಳುವವರ ಮುಖದಲ್ಲೂ ಅಷ್ಟು ಕಳೆ ಇರುವುದಿಲ್ಲ.

ಊಟಕ್ಕೆ ಕುಳಿತಾಗ ಅವನ ಮಗಳು ರೂಪಶ್ರೀ ಬಂದಳು. ಒಂದನೇ ಕ್ಲಾಸಿನ ಮಗು. ಎಡಗೈಗೆ ಮಣಿಕಟ್ಟಿನವರೆಗೂ ಬಟ್ಟೆಯ ಚೀಲ ತೊಡಿಸಿ ದಾರದಿಂದ ಬಿಗಿದಿತ್ತು. ಕೈ ಸುಟ್ಟುಕೊಂಡಳೇ ಎಂದು ಕೇಳಿದೆ.

"ಸುಟ್ಟಿಲ್ಲ ಅತ್ತಿಗೆ" ಎಂದಳು ತಮ್ಮನ ಹೆಂಡತಿ ಶಾಂತಲಾ. "ಬಿಳಿಕೆರೆ ಮದುವೇಲಿ ಎಡಗೈಲಿ ಉಂಡಳು ಅಂತ ಜನ ನಕ್ಕರಂತೆ. ಇವರೇ ಹೊಲಿಸಿದ್ರು. ಬಲಗೈ ರೂಢಿ ಆಗೋವರೆಗೂ ತೆಗೀಬಾರದಂತೆ."

ಮಗು ಬಲಗೈಯಲ್ಲಿ ಅನ್ನ ಕಲಸಿ ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಲಂಗದ ಮೇಲೆ ಬೀಳುತ್ತಿತ್ತು. ಚೀಲದೊಳಗೆ ಬೆರಳುಗಳು ಮಿಸುಕುತ್ತಿದ್ದವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ಇಂಥ ಪಂಡಿತರಿಗೇ ಹುಟ್ಟಿದ್ದು.

"ಏನೋ ಇದು?" ಎಂದೆ.

"ಹೆಣ್ಣುಮಗು ಅಕ್ಕ. ನಾಳೆ ಎಡಗೈಲಿ ಬಡಿಸಿದ್ರೆ ಯಾರು ಮದುವೆ ಆಗ್ತಾರೆ? ಮೀನೇ ಬೇರೆ, ಮನುಷ್ಯರೇ ಬೇರೆ" ಎಂದು ಮಜ್ಜಿಗೆ ಸುರಿದುಕೊಂಡ. ಮೀನಿಗೆ ಮದುವೆಯ ಚಿಂತೆ ಇಲ್ಲ ನೋಡಿ, ಆದ್ದರಿಂದ ಅದಕ್ಕೆ ಸ್ವಾತಂತ್ರ್ಯ.

ಅದೇ ವಾರ ಮೈಸೂರಿನಿಂದ ಅವನ ಗೈಡು, ದೊಡ್ಡ ಪ್ರೊಫೆಸರು, ತೊಟ್ಟಿ ನೋಡಲು ಬರುವವರಿದ್ದರು. ಮನೆಗೆ ಸುಣ್ಣ ಬಳಿಸಿದ್ದಾಯಿತು, ಹೋಳಿಗೆಗೆ ಬೇಳೆ ಬೇಯಲು ಇಟ್ಟದ್ದಾಯಿತು. ಆ ಗಡಿಬಿಡಿಯಲ್ಲಿ ಶಾಂತಲಾ ಮಗಳನ್ನು ಕರೆತರಲು ಸ್ಕೂಲಿಗೆ ಹೋಗಲಿಲ್ಲ. ದಾರಿ ಗೊತ್ತು, ತಾನೇ ಬರುತ್ತಾಳೆ ಎಂದುಕೊಂಡಳು.

ಪ್ರೊಫೆಸರು ಬಂದರು. ನನ್ನ ತಮ್ಮ ಪ್ಯಾಂಟು ಮಡಚಿ ತೊಟ್ಟಿಯ ಪಕ್ಕ ನಿಂತ. ನಾನು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದೆ. ಬಿಸಿಲು ಇಳಿಯಿತು, ಪಕ್ಕದ ಮನೆ ಮಕ್ಕಳೆಲ್ಲ ಬಂದರು, ನಮ್ಮದು ಬರಲಿಲ್ಲ. ಹಿತ್ತಲಿಗೆ ಓಡಿ ಹೇಳಿದೆ. "ಬರ್ತಾಳೆ ಬಿಡಕ್ಕ" ಎಂದು ನನ್ನ ಕಡೆ ತಿರುಗಿಯೂ ನೋಡದೆ ಇನ್ನೊಂದು ಗಪ್ಪಿ ಬಿಟ್ಟ. ಅವತ್ತು ಅವನ ಕೆನ್ನೆಗೆ ಬಾರಿಸದೇ ಇದ್ದದ್ದಕ್ಕೆ ಈಗಲೂ ನನ್ನ ಕೈ ಕಡಿಯುತ್ತದೆ.

ನಾನೂ ಶಾಂತಲಾಳೂ ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ಮಂಟಯ್ಯ ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ನಾಲೆಯಲ್ಲಿ ಎಮ್ಮೆ ತೊಳೆಯುವವನು.

"ನಾಲೆ ಮೆಟ್ಟಿಲ ಮ್ಯಾಲೆ ಕುಂತಿತ್ತು ಕಣ್ರವ್ವಾ, ಕಾಲ ನೀರಿಗೆ ಬುಟ್ಕಂಡು. ನೀರು ಬೇರೆ ಜೋರಾಗೈತೆ. ನಾನು ನೋಡ್ನಿಲ್ಲ ಅಂದಿದ್ರೆ ಏನ್ ಗತಿ?"

ಶಾಂತಲಾ ಮಗುವನ್ನು ಅವುಚಿಕೊಂಡು ಕೇಳಿದಳು: "ಆ ಕಡೆ ಯಾಕೆ ಹೋದೆ ಕಂದಾ?"

"ನೀನೇ ಹೇಳಿದ್ಯಲ್ಲಮ್ಮ, ಅರಳಿಕಟ್ಟೆ ಹತ್ರ ಊಟ ಮಾಡೋ ಕೈ ಕಡೆ ತಿರುಗಿದ್ರೆ ಮನೆ, ಇನ್ನೊಂದು ಕೈ ಕಡೆ ನಾಲೆ ಅಂತ."

ಸ್ಕೂಲಿಗೆ ಸೇರಿಸಿದ ದಿನ ಶಾಂತಲಾ ಹಾಗೆ ಹೇಳಿಕೊಟ್ಟಿದ್ದಳು. ಆಗ ಮಗು ಉಣ್ಣುತ್ತಿದ್ದದ್ದು ಎಡಗೈಯಲ್ಲಿ. ಅಪ್ಪ ಊಟದ ಕೈ ಬದಲಾಯಿಸಿದ. ಮಗು ಊಟದ ಕೈ ಕಡೆಗೇ ತಿರುಗಿ ನಾಲೆಗೆ ಹೋಯಿತು.

ಗಲಾಟೆ ಕೇಳಿ ತಮ್ಮ, ಹಿಂದೆಯೇ ಪ್ರೊಫೆಸರು, ಪಡಸಾಲೆಗೆ ಬಂದರು. ಮಗಳ ಒದ್ದೆ ಲಂಗವನ್ನು ತಮ್ಮ ನೋಡಲಿಲ್ಲ. ಚೀಲ ಪ್ರೊಫೆಸರ ಕಣ್ಣಿಗೆ ಬೀಳದಂತೆ ಅಡ್ಡ ನಿಂತು, "ಒಳಕ್ಕೆ ಕರ್ಕೊಂಡೋಗಕ್ಕ" ಎಂದು ಹಲ್ಲು ಕಚ್ಚಿದ.

ನಾನು ಅಲ್ಲೇ ದಾರ ಕಿತ್ತು ಚೀಲ ಎಳೆದೆ. ಒಳಗೆ ಬೆರಳು ಬಿಳಿಚಿ ನೆರಿಗೆಗಟ್ಟಿದ್ದವು.

"ಮೀನು ಎಡಕ್ಕೆ ತಿರುಗಿದ್ರೆ ಡಾಕ್ಟರೇಟು, ಮಗಳು ಎಡಗೈ ಎತ್ತಿದ್ರೆ ಮಾನ ಹೋಗೋದಾ? ಬೆಳಗಾಗೆದ್ದು ಸ್ನಾನ ಮಾಡಿ ಇಷ್ಟಲಿಂಗವ ಯಾವ ಕೈಲಿ ಕೂರುಸ್ಕೋತೀಯೋ ನೀನು? ಎಡಗೈಲಿ ತಾನೆ? ದೇವರು ಕೂತ್ಕೊಳ್ಳೋ ಕೈ ಕಣೋ ಅದು. ನಿನಗ್ಯಾಕೋ ಹೇಸಿಗೆ?"

ನನ್ನ ತಮ್ಮ ಎಡ ಅಂಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು.

ಶಾಂತಲಾ ಎಲ್ಲರಿಗೂ ಎಲೆ ಹಾಕಿದಳು. ಮಗಳಿಗೂ ಅಪ್ಪನ ಪಕ್ಕದಲ್ಲೇ ಹಾಕಿದಳು. ಹೋಳಿಗೆ ಬಿತ್ತು, ತುಪ್ಪ ಬಿತ್ತು. ಹಸಿದ ಮಗು ಎರಡೂ ಕೈ ಎಲೆಯ ಮೇಲೆ ಹಿಡಿದುಕೊಂಡು ಕುಳಿತೇ ಇತ್ತು.

"ಅಪ್ಪ, ಇವತ್ತು ಊಟ ಮಾಡೋ ಕೈ ಯಾವ್ದು?"

ನನ್ನ ತಮ್ಮ ಉತ್ತರ ಕೊಡುವ ಮೊದಲು ಪ್ರೊಫೆಸರ ಮುಖ ನೋಡಿದ.