ತದ್ರೂಪು ತಂತ್ರ

ನಮ್ಮ ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಆದರೂ ಜನ ಅದರ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದನ್ನು ಮಾರುಕಟ್ಟೆಗೆ ಒಯ್ಯುವ ಹೊಣೆ ಹೊತ್ತ ನನ್ನ ಭಾವನವರು ತಿಂಗಳುಗಟ್ಟಲೆ ಮೀಟಿಂಗ್ ನಡೆಸಿ ಒಂದು ತಂತ್ರ ಹೆತ್ತರು.

“ಜನಕ್ಕೆ ಹೊಸದು ಅಂದ್ರೆ ಭಯ ಕಣಯ್ಯಾ. ಎಲ್ಲರೂ ದುಡ್ಡು ಕೊಟ್ಟು ತಗೊಳ್ಳೋ ಸಿಸ್ಟಮ್ ಇದ್ಯಲ್ಲ, ನಮ್ಮದೂ ಥೇಟ್ ಹಾಗೇ ಕಾಣ್ಲಿ.”

ಬಣ್ಣ, ಬಟನ್ನು, ಆನ್ ಆಗುವಾಗಿನ ಸದ್ದು, ಎಲ್ಲವನ್ನೂ ಹಾಗೆಯೇ ಮಾಡಿದೆವು. ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟಿದ್ದ ನಮ್ಮ ಹೆಸರನ್ನೂ ಭಾವ ಅಳಿಸಿಹಾಕಿಸಿದರು.

ಪ್ರದರ್ಶನದ ದಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ನಮ್ಮ ಮಳಿಗೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. ಎಲ್ಲೂ ತಡವರಿಸದೆ ಪತ್ರವೊಂದನ್ನು ಟೈಪ್ ಮಾಡಿ ಪ್ರಿಂಟ್ ತೆಗೆದರು. ಭಾವನ ಮುಖ ಊರಗಲವಾಯಿತು.

“ಇದು ನಮ್ಮ ಸ್ಕೂಲಲ್ಲೂ ಇದೆ. ನೀವು ಮಾಡಿರೋದನ್ನ ತೋರಿಸಿ,” ಎಂದರು ಆಕೆ.

“ಇದೇ ನಮ್ದು, ಮೇಡಂ. ಪೂರ್ತಿ ಫ್ರೀ. ಎಷ್ಟು ಕಂಪ್ಯೂಟರಿಗೆ ಬೇಕಾದ್ರೂ ಹಾಕ್ಕೊಳ್ಳಿ.”

ಆಕೆ ಪರದೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದರು.

“ಕದ್ದ ಮಾಲು ನಮಗೆ ಬೇಡಪ್ಪ,” ಎಂದು ಕೈಚೀಲವನ್ನು ಎದೆಗವಚಿಕೊಂಡು ಎದ್ದು ಹೋದರು.